ಜೂನ್ 5ಕ್ಕೆ ಗಿಡ ನೆಟ್ಟಾಯ್ತು, ಮೇ ತಿಂಗಳಲ್ಲಿ ನೀರು ಹಾಕೋರು ಯಾರು?

ಮಾಸ್ತರ_ರಾಯಚೂರು

ರಾಯಚೂರು ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಈ ವರ್ಷ ಹಸಿರು ಕ್ಯಾಂಪಸ್ ಸಮಿತಿ ನನ್ನ ಹೆಗಲಿಗೆ ಬಿದ್ದಿದೆ. ಹಳೆ ಫೈಲು ತೆಗೆದು ನೋಡಿದೆ. ಗ್ರೀನ್ ಆಡಿಟ್ ವರದಿ ಇದೆ, ಎನರ್ಜಿ ಆಡಿಟ್ ವರದಿ ಇದೆ, ಪ್ರತಿ ಜೂನ್ 5ರ ಪರಿಸರ ದಿನದ ಫೋಟೋ ಇದೆ. ಫೋಟೋಗಳನ್ನು ಪಕ್ಕಪಕ್ಕ ಇಟ್ಟರೆ ಅದೇ ಕಾಂಪೌಂಡು, ಅದೇ ಗುಂಡಿಗಳು. ಬ್ಯಾನರ್ ಮೇಲಿನ ಇಸವಿ ಮಾತ್ರ ಬೇರೆ. ಗಿಡ ಒಂದೂ ಉಳಿದಿಲ್ಲ. ಗುಂಡಿ ತೋಡುವ ಕೂಲಿ ಉಳಿದಿದೆ, ಅಷ್ಟೇ ಲಾಭ.

ಕಾಲೇಜಿಗೆ ಜಾಸ್ತಿ ದುಡ್ಡಿಲ್ಲ. ಜಾಗ ಇದೆ, ಅರ್ಧ ಎರೆ (ಕಪ್ಪು ಮಣ್ಣು), ಅರ್ಧ ಮಸಾರಿ (ಕೆಂಪು ಮಣ್ಣು). ಇರುವುದು ಒಂದೇ ಬೋರು, ಅದೂ ಬೇಸಿಗೆಯಲ್ಲಿ ಕೈ ಕೊಡುತ್ತದೆ. ಹುಡುಗರಿಗೆ ಹುಮ್ಮಸ್ಸಿದೆ. ನ್ಯಾಕ್‌ಗೆ (ಕಾಲೇಜುಗಳಿಗೆ ದರ್ಜೆ ಕೊಡುವ ಸಂಸ್ಥೆಗೆ) ತೋರಿಸುವ ಫೈಲು ಹೇಗೋ ತಯಾರಾಗುತ್ತದೆ, ಅದರ ಚಿಂತೆ ಇಲ್ಲ. ನಿಜವಾಗಿ ಏನಾದ್ರೂ ನಿಲ್ಲಬೇಕು ಅಂದ್ರೆ ಎಲ್ಲಿಂದ ಶುರು ಮಾಡಬೇಕು? ಬಳ್ಳಾರಿ, ಕೊಪ್ಪಳದವರೂ ಹೇಳಿ. ಬೆಂಗಳೂರಿನ ಕ್ಯಾಂಪಸ್ ಉದಾಹರಣೆ ಮಾತ್ರ ಬೇಡ, ಅಲ್ಲಿನ ಹವೆಯೇ ಬೇರೆ.

ಎರೆಹೊಲ

ಮೊದಲು ತಾರೀಕು ಬದಲಿಸಿ ಮಾಸ್ತರೆ. ಜೂನ್ 5ಕ್ಕೆ ನಮ್ಮ ಕಡೆ ಮುಂಗಾರು ಇನ್ನೂ ಸರಿಯಾಗಿ ಹಿಡಿದಿರುವುದಿಲ್ಲ. ಒಂದು ಅಡ್ಡಮಳೆ ಬಂದು ಹೋಗಿರುತ್ತದೆ, ಅದರ ಹಿಂದೆಯೇ ಬೆಂಕಿಯಂಥ ಬಿಸಿಲು. ನಮಗೆ ಮಳೆ ಕೂಡಿ ಬರುವುದು ಆಗಸ್ಟ್, ಸೆಪ್ಟೆಂಬರಿನಲ್ಲಿ. ಜೂನ್ 5ಕ್ಕೆ ಭಾಷಣ ಮಾಡಿ, ಗುಂಡಿ ತೆಗೆಯಿರಿ, ತಿಪ್ಪೆಗೊಬ್ಬರ ತುಂಬಿ ಬಿಡಿ. ಗಿಡ ಇಡುವುದು ಜುಲೈ ಕೊನೆಗೆ.

ಗಿಡದ ಲೆಕ್ಕವನ್ನೂ ಕಡಿಮೆ ಮಾಡಿ. ಮೊದಲ ಬೇಸಿಗೆಯಲ್ಲಿ ಒಂದು ಗಿಡಕ್ಕೆ ವಾರಕ್ಕೆ ಎರಡು ಸಲ, ಸಲಕ್ಕೆ 20 ಲೀಟರ್ ಅಂತ ಹಿಡಿಯಿರಿ. 20 ಗಿಡಕ್ಕೆ ವಾರಕ್ಕೆ 800 ಲೀಟರ್, ಅಂದ್ರೆ ನಾಲ್ಕು ಡ್ರಮ್ಮು. ಇದನ್ನು ಯಾವ ಕಾಲೇಜಾದ್ರೂ ಮಾಡಬಹುದು. 200 ಗಿಡ ಅಂದ್ರೆ 8,000 ಲೀಟರ್. ಕುಡಿಯೋಕೆ ಟ್ಯಾಂಕರ್ ತರಿಸುವ ಊರಲ್ಲಿ ಗಿಡಕ್ಕೆ ವಾರ ವಾರ ಟ್ಯಾಂಕರ್ ಯಾರು ತರಿಸುತ್ತಾರೆ?

ಎದೆಮಟ್ಟ ಬೆಳೆದ ಗಿಡ ತನ್ನಿ. ಬೇವು, ಹೊಂಗೆ, ಹುಣಸೆ, ಬಸರಿ, ಅರಳಿ. ಅರಣ್ಯ ಇಲಾಖೆ ನರ್ಸರಿಯಲ್ಲಿ ರಿಯಾಯಿತಿ ದರಕ್ಕೆ ಸಿಗುತ್ತವೆ. ಲಾನ್ ಮಾತ್ರ ಬೇಡ್ವೇ ಬೇಡ. ನಮ್ಮ ಬಿಸಿಲಿಗೆ ಲಾನ್ ಅಂದ್ರೆ ಬೋರಿಗೆ ಹಿಡಿದ ಕ್ಷಯ.

ನಡುಬೆಂಚು

ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲ್ಲ ಕಡೆ ಕೋನೋಕಾರ್ಪಸ್ ಹಾಕಿದ್ದಾರೆ ಸರ್. ಎರಡೇ ವರ್ಷಕ್ಕೆ ಗೋಡೆಯಂತೆ ಬೆಳೆದಿದೆ. ನೀರೂ ಜಾಸ್ತಿ ಕೇಳಲ್ಲ, ದನ ತಿನ್ನಲ್ಲ. ನ್ಯಾಕ್‌ನವರು ಬಂದಾಗ ಫಳಫಳ ಹಸಿರು ಕಾಣುತ್ತಿತ್ತು. ಅದನ್ನೇ ಹಾಕಬಹುದಲ್ವಾ?

ಎರೆಹೊಲ

ಬೇಡ. ಅದು ನಮ್ಮ ನೆಲದ ಗಿಡ ಅಲ್ಲ. ಬೇರು ಪೈಪು, ಚರಂಡಿ ಹುಡುಕಿಕೊಂಡು ಹೋಗುತ್ತದೆ. ಹೂವಿನ ಪರಾಗದಿಂದ ಅಲರ್ಜಿ, ಉಬ್ಬಸದ ದೂರುಗಳಿವೆ. ಗುಜರಾತ್ ಸರ್ಕಾರ 2023ರಲ್ಲಿ ಇದನ್ನು ನೆಡುವುದನ್ನೇ ನಿಷೇಧಿಸಿದೆ. ಹಕ್ಕಿಗೂ ಅದರಿಂದ ದೊಡ್ಡ ಉಪಯೋಗ ಇಲ್ಲ.

ಬೇಗ ಹಸಿರಾಗುತ್ತದೆ ಅಂತ ಹೊರಗಿನ ಗಿಡ ತಂದು ನಾವು ಒಮ್ಮೆ ಅನುಭವಿಸಿದ್ದೇವೆ. ಊರಿನ ಹೆಸರನ್ನೇ ಅದಕ್ಕೆ ಕೊಟ್ಟಿದ್ದೇವೆ, ಬಳ್ಳಾರಿ ಜಾಲಿ.

ಕೋಟೆ_ಕೆಳಗಿನವ

ಬಳ್ಳಾರಿಯವನು ನಾನು, ಜಾಲಿಯ ಬಗ್ಗೆ ಮಾತು ಬಂತು ಅಂತ ಬಂದೆ 😀

ನಮ್ಮ ಕ್ಯಾಂಪಸ್ ಹಿಂಭಾಗ ಪೂರ್ತಿ ಜಾಲಿ. ಸ್ವಚ್ಛತಾ ಅಭಿಯಾನ ಅಂತ ಜೆಸಿಬಿ ತಂದು ಒಂದೇ ದಿನದಲ್ಲಿ ಬೋಳು ಮಾಡಿದರು. ಮಳೆ ಬಿದ್ದ ಮೇಲೆ ಮೊದಲಿಗಿಂತ ದಟ್ಟ ಬಂತು. ಬೊಡ್ಡೆ ಒಳಗೆ ಉಳಿದರೆ ಅದು ಮತ್ತೆ ಚಿಗುರುತ್ತದೆ. ಬುಡದ ಸುತ್ತ ಅಗೆದು, ಬೇರಿನ ಗಡ್ಡೆ ಸಮೇತ ಕೀಳಬೇಕು. ಮೇಕೆಯವರನ್ನು ಕಾಯಿ ಕಾಲದಲ್ಲಿ ಒಳಗೆ ಬಿಟ್ಟರೂ ತೊಂದರೆ. ಅವು ಕಾಯಿ ತಿಂದು ಬೀಜವನ್ನು ಹಿಕ್ಕೆಯಲ್ಲಿ ಊರೆಲ್ಲ ಹರಡುತ್ತವೆ.

ಇಡೀ ಜಾಲಿ ಒಂದೇ ಸಲ ತೆಗೆಯಬೇಡಿ ಅನ್ನೋದು ನನ್ನ ಮಾತು. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟಿದಾಗ ಇಡೀ ಕ್ಯಾಂಪಸ್ಸಿನಲ್ಲಿ ನೆರಳು ಇದ್ದದ್ದು ಅಲ್ಲೇ. ಒಂದು ಪಟ್ಟಿ ಕಿತ್ತು, ಅಲ್ಲಿ ಬೇವು, ಹೊಂಗೆ ಎದ್ದು ನಿಂತ ಮೇಲೆ ಮುಂದಿನ ಪಟ್ಟಿಗೆ ಕೈ ಹಾಕಿ.

ಗಿಣಿಗೇರಾ_ರೋಡ್

ನೀವೆಲ್ಲ ಗಿಡದ ಜಾತಿ ನೋಡುತ್ತಾ ಕೂತಿದ್ದೀರಿ. ನಮ್ಮ ಕಡೆ ಬೆಳಿಗ್ಗೆ ಕ್ಲಾಸಿನ ಬೆಂಚು ಒರೆಸಿದರೆ ಬಟ್ಟೆ ಕಪ್ಪಾಗುತ್ತದೆ. ಗಿಡದ ಎಲೆಯೂ ಕಪ್ಪೇ. ಕೊಪ್ಪಳದ ಸುತ್ತ ಇಷ್ಟು ಸ್ಪಾಂಜ್ ಐರನ್, ಉಕ್ಕಿನ ಕಾರ್ಖಾನೆಗಳಿವೆ. ಅತ್ತ ರಾಯಚೂರಿನ ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರ, ಯರಮರಸ್‌ನಲ್ಲಿ 1,600, ಬಳ್ಳಾರಿಯ ಕುಡತಿನಿಯಲ್ಲಿ 1,700. ಮೂರು ಜಿಲ್ಲೆಗೆ ಇಷ್ಟು ಹೊಗೆ ಇಟ್ಟುಕೊಂಡು ಕಾಲೇಜಿನ ಹುಡುಗರಿಗೆ ಫ್ಯಾನ್ ಆಫ್ ಮಾಡು ಅಂತ ಪಾಠ ಹೇಳೋದು ಯಾಕೋ ತಮಾಷೆ ಅನಿಸುತ್ತದೆ.

ಇನ್ನೊಂದು. ಕ್ಯಾಂಪಸ್‌ಗೆ ಗಿಡ ಕೊಡುವವರು, ಬ್ಯಾನರ್ ಕೊಡುವವರು ಯಾರು ಅಂತ ನೋಡಿ. ಎಷ್ಟೋ ಕಡೆ ಅದು ಕಾರ್ಖಾನೆಗಳು ಸಮಾಜದ ಕೆಲಸಕ್ಕೆ ಅಂತ ಕೊಡುವ ಸಿಎಸ್‌ಆರ್ ದುಡ್ಡು.

ಮಾಸ್ತರ_ರಾಯಚೂರು

ನಿಮ್ಮ ಸಿಟ್ಟು ಅರ್ಥ ಆಗುತ್ತದೆ. ಆದರೆ ಕಾಲೇಜು ಅದಕ್ಕೆ ಏನು ಮಾಡಬಹುದು, ಹೇಳಿ.

ಗಿಣಿಗೇರಾ_ರೋಡ್

ಅಳೆಯಬಹುದಲ್ಲ! 2025ರ ಫೆಬ್ರವರಿಯಲ್ಲಿ ಉಕ್ಕಿನ ಕಾರ್ಖಾನೆ ವಿಸ್ತರಣೆ ಬೇಡ ಎಂದು ಕೊಪ್ಪಳ ಬಂದ್ ಆಯಿತು. ಊರೇ ಬೀದಿಗೆ ಬಂತು, ಗವಿಮಠದ ಸ್ವಾಮೀಜಿಯೂ ಬಂದರು. ಅಷ್ಟು ಜನ ಬಂದಾಗಲೂ ಊರಿನವರ ಕೈಯಲ್ಲಿ ಊರಿನವರೇ ಅಳೆದ ಅಂಕಿ ಕಡಿಮೆ ಇತ್ತು. ಕೆಮಿಸ್ಟ್ರಿ ವಿಭಾಗ ಇರುವ ಕಾಲೇಜುಗಳು ಇಷ್ಟಿವೆ. ಅವು ಏನು ಮಾಡುತ್ತಿವೆ?

ಲ್ಯಾಬ್_ಅಂಕಲ್

ಇದು ಸರಿಯಾದ ಮಾತು. ಹೇಗೆ ಅಂತ ನಾನು ಹೇಳುತ್ತೇನೆ, ಬಿಎಸ್ಸಿ ಹುಡುಗರ ಕೈಲಿ ಆಗುವ ಕೆಲಸ.

ದುಬಾರಿ ಯಂತ್ರ ಬೇಕಾಗಿಲ್ಲ. ಅಗಲ ಬಾಯಿಯ ಒಂದು ಜಾಡಿ. ಬಾಯಿಯ ಅಳತೆ ಬರೆದಿಟ್ಟುಕೊಳ್ಳಿ. ಒಳಗೆ ಸ್ವಲ್ಪ ಡಿಸ್ಟಿಲ್ಡ್ ನೀರು, ಪಾಚಿ ಕಟ್ಟದಂತೆ ಚೂರು ಮೈಲುತುತ್ತ. ಮೇಲೆ ಹಕ್ಕಿ ಕೂರದಂತೆ ಜಾಲರಿ. ಗೋಡೆ, ಮರದಿಂದ ದೂರ, ಚಾವಣಿ ಮೇಲೆ ಇಡಿ. ನೀರು ಆರಿದರೆ ಮತ್ತೆ ಹಾಕಿ. ತಿಂಗಳಾದ ಮೇಲೆ ಸೋಸಿ, ಒಣಗಿಸಿ, ತೂಕ ಮಾಡಿ. ಒಂದು ಚದರ ಮೀಟರಿಗೆ ತಿಂಗಳಿಗೆ ಎಷ್ಟು ಗ್ರಾಂ ಧೂಳು ಬಿತ್ತು ಅಂತ ಗೊತ್ತಾಗುತ್ತದೆ. ಅದರ ಮೇಲೆ ಅಯಸ್ಕಾಂತ ಆಡಿಸಿ ನೋಡಿ. ಎಷ್ಟು ಅಂಟುತ್ತದೆ ಅನ್ನುವುದರಿಂದಲೂ ಸ್ವಲ್ಪ ಸುಳಿವು ಸಿಗುತ್ತದೆ. ಬರೀ ಹೊಲದ ಮಣ್ಣಾದ್ರೆ ಜಾಸ್ತಿ ಅಂಟುವುದಿಲ್ಲ.

ಜಾಡಿ ಬೀಳುವ ಧೂಳನ್ನು ಮಾತ್ರ ಅಳೆಯುತ್ತದೆ. ಉಸಿರೊಳಗೆ ಇಳಿಯುವ ಸಣ್ಣ ಕಣಕ್ಕೆ ಸೆನ್ಸರ್ ಬೇಕು. ಅದಕ್ಕೆ ದೇಶದ ಮಿತಿ ಪಿಎಂ 2.5ಕ್ಕೆ (2.5 ಮೈಕ್ರಾನ್ ಒಳಗಿನ ಕಣ) 24 ಗಂಟೆಯ ಸರಾಸರಿ ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ, ಪಿಎಂ 10ಕ್ಕೆ (10 ಮೈಕ್ರಾನ್ ಒಳಗಿನದು) 100. ಕಡಿಮೆ ಬೆಲೆಯ ಸೆನ್ಸರ್ ಅಂಕಿಯನ್ನು ಕೋರ್ಟಿನಲ್ಲಿ ಒಪ್ಪುವುದು ಕಷ್ಟ. ಆದರೆ ಯಾವ ಹೊತ್ತಿಗೆ ಏರುತ್ತದೆ, ರಾತ್ರಿ ಏನಾಗುತ್ತದೆ ಅನ್ನೋದು ಚೆನ್ನಾಗಿ ತೋರಿಸುತ್ತದೆ.

ಇಲ್ಲೂ ಅದೇ ರಗಳೆ ಮಾತ್ರ ತಪ್ಪಿದ್ದಲ್ಲ. ಫೈನಲ್ ಇಯರ್ ಪ್ರಾಜೆಕ್ಟು ಅಂತ ನಾಲ್ಕು ತಿಂಗಳು ಅಳೆಯುತ್ತಾರೆ. ಪರೀಕ್ಷೆ ಮುಗಿದ ಮೇಲೆ ಜಾಡಿ ಚಾವಣಿ ಮೇಲೆ ಅನಾಥ. ಏಪ್ರಿಲ್, ಮೇ ತಿಂಗಳ ಅಂಕಿ ಯಾರ ಹತ್ತಿರವೂ ಇರುವುದಿಲ್ಲ.

ಲೈನ್‌ಮನ್_ಮಗ

ಕರೆಂಟಿನ ವಿಷಯ ನಾನು ಹೇಳಲಾ?

ಫ್ಯಾನ್ ಬದಲಿಸಿ ಅಂತ ಎಲ್ಲ ಆಡಿಟ್ ವರದಿಯಲ್ಲೂ ಬರೆದಿರುತ್ತದೆ. ಲೆಕ್ಕ ಮಾಡೋಣ. ಹಳೆ ಫ್ಯಾನ್ 75 ವ್ಯಾಟ್, ಕಡಿಮೆ ಕರೆಂಟ್ ಎಳೆಯುವ ಹೊಸ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್ ಆಸುಪಾಸು. 150 ಫ್ಯಾನ್, ದಿನಕ್ಕೆ 6 ಗಂಟೆ ಅಂದ್ರೆ ಉಳಿಯೋದು ಸುಮಾರು 40 ಯೂನಿಟ್. ಕಾಲೇಜು ನಡೆಯುವುದು ವರ್ಷಕ್ಕೆ 200 ದಿನ ಅಂದ್ಕೊಂಡರೆ 8,000 ಯೂನಿಟ್. ಎಲ್ಲ ಫ್ಯಾನ್ ಒಂದೇ ಸಲ ಬದಲಿಸಿದರೆ ನಾಲ್ಕು ಲಕ್ಷ ಬೇಕು. ಹಾಕಿದ ದುಡ್ಡು ವಾಪಸ್ ಬರೋಕೆ ಆರೇಳು ವರ್ಷ. ಹಾಗಾಗಿ ಸುಟ್ಟಾಗ ಮಾತ್ರ ಹೊಸದು ಹಾಕಿ. ರಿವೈಂಡ್ ಮಾಡಿಸೋದು ಬಿಡಿ.

ಮೊದಲು ಬಿಲ್ ತೆಗೆದು ನೋಡಿ. ಜೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು, ನಿಜಕ್ಕೂ ಬಳಸಿದ ಗರಿಷ್ಠ ಲೋಡ್ ಎಷ್ಟು ಅಂತ ಇರುತ್ತದೆ. ಎಷ್ಟೋ ಕಾಲೇಜು ಬಳಸದ ಲೋಡಿಗೆ ತಿಂಗಳು ತಿಂಗಳು ನಿಗದಿ ಶುಲ್ಕ ಕಟ್ಟುತ್ತವೆ. ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಎಷ್ಟು ಕೆಲಸಕ್ಕೆ ಬಂತು ಅನ್ನುವ ಲೆಕ್ಕ) ಕಡಿಮೆ ಅಂತ ದಂಡ ಬೇರೆ. ಒಂದು ಕೆಪಾಸಿಟರ್ ಹಾಳಾಗಿರುತ್ತದೆ, ಯಾರೂ ನೋಡಿರುವುದಿಲ್ಲ. ಇದರಿಂದ ಪರಿಸರಕ್ಕೆ ನೇರ ಲಾಭ ಕಡಿಮೆ, ಆದರೆ ಉಳಿದ ದುಡ್ಡು ನಿಮ್ಮ ಗಿಡದ ನೀರಿಗೆ ಆಗುತ್ತದಲ್ಲ.

ಸೋಲಾರ್ ಹಾಕುವ ಯೋಗ ಬಂದರೆ ಬಿಡಬೇಡಿ. ಕಾಲೇಜಿನ ಬಳಕೆ ಹಗಲಲ್ಲೇ, ಸೂರ್ಯನೂ ಹಗಲಲ್ಲೇ. ಒಂದು ಕಿಲೋವ್ಯಾಟಿಗೆ ದಿನಕ್ಕೆ ಸರಾಸರಿ 4 ಯೂನಿಟ್. ಮೇ ತಿಂಗಳಲ್ಲಿ ರಜೆ ಇದ್ದರೂ ನೆಟ್ ಮೀಟರ್ ಇದ್ದರೆ ಹೆಚ್ಚಾದದ್ದು ಗ್ರಿಡ್ಡಿಗೆ ಹೋಗಿ ಲೆಕ್ಕಕ್ಕೆ ಬರುತ್ತದೆ. ಆದರೆ ಪ್ಯಾನಲ್ ತೊಳೆಯಬೇಕು! ನಮ್ಮ ಧೂಳಿಗೆ ಎರಡು ವಾರ ಬಿಟ್ಟರೆ ಗಾಜಿನ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಬೋರ್ ನೀರಲ್ಲಿ ತೊಳೆದು ಹಾಗೇ ಬಿಟ್ಟರೆ ಬಿಳಿ ಕಲೆ ಕಟ್ಟುತ್ತದೆ. ಆಮೇಲೆ ಅದು ಉಜ್ಜಿದರೂ ಹೋಗಲ್ಲ. ಮಳೆನೀರು ಹಿಡಿದಿಟ್ಟು ಅದರಲ್ಲಿ ತೊಳೆಯಿರಿ. ಬೆಳಿಗ್ಗೆ ಗಾಜು ತಣ್ಣಗಿರುವಾಗ ಮಾತ್ರ. ಕಾದ ಗಾಜಿಗೆ ತಣ್ಣೀರು ಹಾಕಿದರೆ ಸೀಳಬಹುದು.

ಇನ್ನು ಮೇಲಿನ ಮಹಡಿ ಕ್ಲಾಸ್ ಕಾಯುತ್ತೆ ಅಂದ್ರೆ ಚಾವಣಿಗೆ ಸುಣ್ಣ ಹೊಡೆಸಿ. ಅಗ್ಗ. ಮಳೆಗಾಲದಲ್ಲಿ ತೊಳೆದು ಹೋಗುತ್ತದೆ, ವರ್ಷಾ ವರ್ಷ ಮಾರ್ಚಿಗೆ ಮತ್ತೆ ಹೊಡೆಸಬೇಕು.

ನಡುಬೆಂಚು

ನಮ್ಮಲ್ಲಿ ತಿಂಗಳಿಗೊಂದು ದಿನ 'ವಾಹನ ರಹಿತ ದಿನ' ಮಾಡುತ್ತಾರೆ. ಹುಡುಗ ಹುಡುಗಿಯರು ದಿನಾ ಬಸ್ಸಿನಲ್ಲೇ ಬರೋದು. ಹುಡುಗಿಯರಿಗಂತೂ 2023ರಿಂದ ಶಕ್ತಿ ಟಿಕೆಟ್. ಆ ದಿನ ಕಾರು ಗೇಟಿನ ಹೊರಗೆ ನಿಲ್ಲಿಸಿ ನಡೆದು ಬರೋದು ಮೇಷ್ಟ್ರುಗಳು. ಫೋಟೋ ಮಾತ್ರ ನಮ್ಮದು 😂

ನಿಜವಾದ ಸಮಸ್ಯೆ ಅಂದ್ರೆ ಸಂಜೆ ಕಾಲೇಜು ಬಿಡೋ ಹೊತ್ತಿಗೆ ಹಳ್ಳಿ ಕಡೆ ಬಸ್ ಇರಲ್ಲ. ಅದಕ್ಕೇ ಹುಡುಗರು ಸಾಲ ಮಾಡಿ ಬೈಕ್ ತಗೋತಾರೆ. ಪ್ರಿನ್ಸಿಪಾಲರು ಡಿಪೋಗೆ ಒಂದು ಪತ್ರ ಬರೆದು ಟೈಮಿಂಗ್ ಬದಲಿಸಿದರೆ ಅದೇ ದೊಡ್ಡ ಪರಿಸರ ಕೆಲಸ.

ಮಾಸ್ತರ_ರಾಯಚೂರು

ಬಸ್ಸಿನದು ಬರೆದುಕೊಂಡೆ. ಕಾರಿನದೂ 😅 ನೀರಿನ ವಿಷಯ ಯಾರಾದ್ರೂ ಹೇಳಿ. ಇಂಗುಗುಂಡಿ ಮಾಡಿಸಿ ಅಂತ ವರದಿಯಲ್ಲಿದೆ.

ಸವಳು_ಸಿಂಧನೂರು

ಎಲ್ಲಿ ಮಾಡುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ.

ಎರೆಯಲ್ಲಿ ಇಂಗುಗುಂಡಿ ತೋಡಿದರೆ ನೀರು ಇಂಗುವುದಿಲ್ಲ, ಸೊಳ್ಳೆ ಸಾಕಿದಂತೆ. ಮಸಾರಿ ಭಾಗದಲ್ಲಿ ಮಾಡಿ. ಎರೆಯಲ್ಲಿ ಹೊಂಡ ತೋಡಿ, ಅಲ್ಲಿ ನೀರು ನಿಲ್ಲುತ್ತದೆ. ಕೃಷಿಹೊಂಡ ನೋಡಿದ್ದೀರಲ್ಲ, ಅದೇ.

ಇನ್ನು ಕಾಲುವೆ ಕೆಳಗಿನ ಕಾಲೇಜು ಆದ್ರೆ, ಅಂದ್ರೆ ಸಿಂಧನೂರು, ಗಂಗಾವತಿ, ಕಾರಟಗಿ ಕಡೆ, ಲೆಕ್ಕವೇ ಉಲ್ಟಾ. ತುಂಗಭದ್ರಾ ಎಡದಂಡೆ ಕಾಲುವೆ ಬಂದು, ಭತ್ತ ಬೆಳೆದು ಬೆಳೆದು ಎಷ್ಟೋ ನೆಲ ಜೌಗಾಗಿದೆ, ಉಪ್ಪು ಏರಿ ಸವಳಾಗಿದೆ. ಅಲ್ಲಿ ನೀರು ಇಂಗಿಸೋದು ಅಲ್ಲ, ಬಸಿಯೋದು ಬೇಕು. ಗಂಗಾವತಿ ಕೃಷಿ ಸಂಶೋಧನಾ ಕೇಂದ್ರ ಸವಳು ನೆಲದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ, ಅವರನ್ನು ಕೇಳಿ. ರಾಯಚೂರಿನಲ್ಲೇ 2009ರಿಂದ ಕೃಷಿ ವಿಶ್ವವಿದ್ಯಾಲಯ ಇದೆ, ಅಲ್ಲಿ ಮಣ್ಣು ಪರೀಕ್ಷೆ ಮಾಡಿಸಿ. ಸವಳು ತಾಳಿಕೊಳ್ಳುವ ಮರ ಅಂದ್ರೆ ಹೊಂಗೆ.

ಚಾವಣಿ ನೀರಿನ ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ನಿಮ್ಮ ಚಾವಣಿ 1,000 ಚದರ ಮೀಟರ್, ಮಳೆ 600 ಮಿ.ಮೀ. ಅಂದ್ರೆ 6 ಲಕ್ಷ ಲೀಟರ್. ಆವಿ, ಸೋರಿಕೆ, ಮೊದಲ ಮಳೆಯ ಕೊಳೆ ಕಳೆದು 80 ಪರ್ಸೆಂಟ್ ಹಿಡಿಯಿರಿ, 4.8 ಲಕ್ಷ. 5,000 ಲೀಟರಿನ ಟ್ಯಾಂಕರ್ ಹತ್ತಿರ ಹತ್ತಿರ ನೂರು! ಎಲ್ಲವನ್ನೂ ಹಿಡಿದಿಡುವ ಟ್ಯಾಂಕ್ ಕಟ್ಟೋಕೆ ಆಗಲ್ಲ. ಒಂದು ಪಾಲು ಟ್ಯಾಂಕಿಗೆ, ಉಳಿದದ್ದು ಜಲ್ಲಿ, ಮರಳಿನಲ್ಲಿ ಸೋಸಿ ಬೋರಿನ ಪಕ್ಕದ ಗುಂಡಿಗೆ. ಮೇ ಕೊನೆಗೆ ಚಾವಣಿ ಗುಡಿಸಿ, ಪೈಪಿನ ಬಾಯಿ ನೋಡಬೇಕು. ಪಾರಿವಾಳದ ಹಿಕ್ಕೆ, ಬೇವಿನ ಎಲೆ ತುಂಬಿರುತ್ತದೆ. ಆಗ ರಜೆ, ನೋಡೋರು ಇರಲ್ಲ.

ಲ್ಯಾಬ್_ಅಂಕಲ್

ಒಂದು ಎಚ್ಚರಿಕೆ. ಕಾಲೇಜಿನಲ್ಲಿ ಆರ್‌ಓ ಯಂತ್ರ ಇದ್ದೇ ಇರುತ್ತದೆ. ಅದು ಹೊರಗೆ ಬಿಡುವ ನೀರು ಕುಡಿಯುವ ನೀರಿಗಿಂತ ಜಾಸ್ತಿ. ಅದನ್ನು ಇಂಗುಗುಂಡಿಗೆ ಬಿಟ್ಟು 'ಮರುಬಳಕೆ' ಅಂತ ವರದಿಯಲ್ಲಿ ಬರೆದದ್ದು ನೋಡಿದ್ದೇನೆ. ತಲೆ ಚಚ್ಚಿಕೊಳ್ಳಬೇಕು. ನಮ್ಮ ಬೋರುಗಳಲ್ಲಿ ಎಷ್ಟೋ ಕಡೆ ಫ್ಲೋರೈಡ್ ಇದೆ. ಕುಡಿಯುವ ನೀರಿಗೆ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಆರ್‌ಓ ಬಿಟ್ಟ ನೀರಿನಲ್ಲಿ ಅದು ಇನ್ನೂ ಗಟ್ಟಿಯಾಗಿರುತ್ತದೆ. ಅದನ್ನೇ ಮತ್ತೆ ಬೋರಿಗೆ ಕಳಿಸಿದರೆ ನಮ್ಮ ಬಾವಿಗೆ ನಾವೇ ವಿಷ ಹಾಕಿದಂತಾಯಿತು. ಶೌಚಾಲಯಕ್ಕೆ, ನೆಲ ಒರೆಸೋಕೆ ಬಳಸಿ. ಗಿಡಕ್ಕೂ ಬೇಡ.

ಹಾಸ್ಟೆಲ್_ಊಟ

ಹಾಸ್ಟೆಲ್ ಕಡೆಯಿಂದ ಎರಡು ಮಾತು. ನಮ್ಮಲ್ಲಿ ವ್ಯರ್ಥ ಆಗೋದು ಅನ್ನ. ರೊಟ್ಟಿ ಉಳಿದರೆ ಮರುದಿನ ಮುರಿದು ಒಗ್ಗರಣೆ ಹಾಕುತ್ತಾರೆ. ಅನ್ನ ಮಾತ್ರ ಚೆಲ್ಲುತ್ತಾರೆ. ಕ್ಯಾಂಟೀನಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿಯನ್ನು ಪ್ಲಾಸ್ಟಿಕ್ ಹಾಳೆ ಹಾಕಿದ ತಟ್ಟೆಯಲ್ಲಿ ಕೊಡುತ್ತಿದ್ದರು. ರಾಜ್ಯದಲ್ಲಿ 2016ರಿಂದಲೇ ನಿಷೇಧ ಇದೆ, ಆದರೂ. ಈಗ ಸ್ಟೀಲ್ ತಟ್ಟೆ ಬಂದಿದೆ, ತೊಳೆಯೋಕೆ ಒಬ್ಬರಿಗೆ ಕೂಲಿ ಕೊಡಲು ಒಪ್ಪಿದ ಮೇಲೆ.

ಬಯೋಗ್ಯಾಸ್ ಗುಂಡಿಯೂ ಇದೆ. 100 ಕೆ.ಜಿ. ಉಳಿದ ಊಟಕ್ಕೆ 10 ಘನ ಮೀಟರ್ ಹತ್ತಿರ ಗ್ಯಾಸ್, ಅಂದ್ರೆ ನಾಲ್ಕೈದು ಕೆ.ಜಿ. ಸಿಲಿಂಡರ್ ಗ್ಯಾಸ್‌ಗೆ ಸಮ ಅಂತ ಹಾಕಿದವರು ಹೇಳಿದ್ದರು. ಚೆನ್ನಾಗಿಯೇ ಓಡಿತು. ಬೇಸಿಗೆ ರಜೆಗೆ ಹಾಸ್ಟೆಲ್ ಖಾಲಿ ಆಯಿತು. ಗುಂಡಿಗೆ ಊಟ ಹಾಕೋರಿಲ್ಲ. ಜುಲೈನಲ್ಲಿ ಬಂದು ಒಂದೇ ಸಲ ಎಲ್ಲ ಅನ್ನ ಸುರಿದರು, ಹುಳಿ ಹೆಚ್ಚಾಗಿ ಗ್ಯಾಸ್ ನಿಂತೇ ಹೋಯಿತು. ಆಗ ಸಗಣಿ ನೀರು ಹಾಕಿ, ಊಟವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕಿತ್ತು. ರಜೆಯಲ್ಲೂ ದಿನಕ್ಕೆ ಎರಡು ಬುಟ್ಟಿ ಸಗಣಿ ಬಿದ್ದಿದ್ದರೆ ಈ ಕಥೆಯೇ ಇರಲಿಲ್ಲ.

ಅಟೆಂಡರ್_ಮಗಳು

ಇಷ್ಟೂ ಓದಿದೆ. ಗಿಡ ಒಣಗೋದು ಮೇನಲ್ಲಿ. ಜಾಡಿ ಅನಾಥ ಆಗೋದು ಮೇನಲ್ಲಿ. ಪೈಪು ಕಟ್ಟೋದು, ಗ್ಯಾಸ್ ಗುಂಡಿ ಹಸಿದದ್ದು, ಪ್ಯಾನಲ್ ಮೇಲೆ ಧೂಳು, ಎಲ್ಲ ಮೇನಲ್ಲಿ. ಅದು ಯಾಕೆ ಅಂತ ಯಾರೂ ಹೇಳಲಿಲ್ಲ. ನಾನು ಹೇಳುತ್ತೇನೆ.

ನಮ್ಮಪ್ಪ ಒಂದು ಕಾಲೇಜಿನಲ್ಲಿ ಹೊರಗುತ್ತಿಗೆ ಕೆಲಸಗಾರ. ಗಿಡಕ್ಕೆ ನೀರು ಹಾಕೋದು ಅವರೇ. ಬೆಳಿಗ್ಗೆ ಗೇಟು ತೆಗೆದು, ಕೊಡದಲ್ಲಿ ತಂದು ಹಾಕುತ್ತಾರೆ. ಯಾಕಂದ್ರೆ ಪೈಪು ಅಲ್ಲಿಗೆ ಮುಟ್ಟಲ್ಲ. ಮಾರ್ಚ್ 31ಕ್ಕೆ ಗುತ್ತಿಗೆ ಮುಗಿಯುತ್ತದೆ. ಹೊಸ ಟೆಂಡರ್ ಆಗೋಕೆ ಜೂನ್ ಬರುತ್ತದೆ. ಆ ಎರಡು ತಿಂಗಳು ಅವರಿಗೆ ಸಂಬಳ ಇಲ್ಲ. ಆದರೂ ಸ್ವಲ್ಪ ದಿನ ಹೋಗಿ ನೀರು ಹಾಕಿ ಬರುತ್ತಾರೆ, ಮನಸ್ಸು ತಡೆಯಲ್ಲ ಅಂತ. ಅತಿಥಿ ಉಪನ್ಯಾಸಕರದೂ ಅದೇ ಕಥೆ. ಇಕೋ ಕ್ಲಬ್ ನಡೆಸೋ ಮೇಷ್ಟ್ರು ಅತಿಥಿ ಆಗಿದ್ದರೆ ರಜೆ ಬಂದ ತಕ್ಷಣ ಕ್ಲಬ್ಬೂ ರಜೆ.

ಗಿಡ ತರೋಕೆ ದುಡ್ಡು ಕೊಡೋರು ಸಿಗುತ್ತಾರೆ. ಮೇ ತಿಂಗಳ ಕೂಲಿಗೆ ಕೊಡೋರು ಯಾರೂ ಇಲ್ಲ.

ಕೋಟೆ_ಕೆಳಗಿನವ

ಅಕ್ಕ ಹೇಳಿದ್ದೇ ಸರಿ. ತುಂಗಭದ್ರಾ ಡ್ಯಾಮಿನದೂ ಇದೇ ಅಲ್ವಾ. 33 ಗೇಟು, 1953ರಿಂದ ನೀರು ಹಿಡಿದಿದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟಿನ ಸರಪಳಿ ಕಡಿದಾಗಲೇ ಎಲ್ಲರಿಗೂ ಸರಪಳಿ ಅಂತ ಒಂದಿದೆ ಎಂದು ನೆನಪಾಗಿದ್ದು.

ಗಿಣಿಗೇರಾ_ರೋಡ್

ಒಪ್ಪಿದೆ. ಆದರೆ ಆ ಕೂಲಿಯನ್ನು ಕಾರ್ಖಾನೆ ಸಿಎಸ್‌ಆರ್‌ನಿಂದ ತಗೋಬೇಡಿ. ತಗೊಂಡರೆ ಧೂಳಿನ ಅಂಕಿ ಗೋಡೆಗೆ ಅಂಟಿಸೋಕೆ ಪ್ರಿನ್ಸಿಪಾಲರು ಬಿಡಲ್ಲ.

ಎರೆಹೊಲ

ನನಗೆ ಹಾಗನಿಸುವುದಿಲ್ಲ. ದುಡ್ಡು ತಗೊಳ್ಳಿ, ಆದರೆ ಬ್ಯಾನರ್ ಬೇಡ, ಷರತ್ತು ಬೇಡ ಅಂತ ಬರೆಸಿಕೊಳ್ಳಿ. ನಮ್ಮ ಗಾಳಿ ಕೆಡಿಸಿದವರ ದುಡ್ಡಲ್ಲಿ ನಮ್ಮ ಗಿಡ ಬೆಳೆದರೆ ತಪ್ಪೇನು?

ಗಿಣಿಗೇರಾ_ರೋಡ್

ಷರತ್ತು ಕಾಗದದಲ್ಲಿ ಇರಲ್ಲ ಸರ್, ಫೋನಿನಲ್ಲಿ ಬರುತ್ತದೆ.

ಹಳೆ_ಸೂಪರಿಂಟೆಂಡೆಂಟ್

ಜಗಳ ಆಮೇಲೆ ಮಾಡಿ. ಕೂಲಿಗೆ ದಾರಿ ಇದೆ. ಕಾಲೇಜು ಅಭಿವೃದ್ಧಿ ಸಮಿತಿ ಸಭೆಯಲ್ಲಿ ನಿರ್ಣಯ ಮಾಡಿಸಿ. 'ಪರಿಸರ ಕಾರ್ಯಕ್ರಮ' ಅಂತ ಬರೆದರೆ ಆ ದುಡ್ಡು ಶಾಮಿಯಾನಕ್ಕೆ ಹೋಗುತ್ತದೆ. 'ಏಪ್ರಿಲ್‌ನಿಂದ ಜೂನ್‌ವರೆಗೆ ಗಿಡ, ಮಳೆನೀರಿನ ಪೈಪು, ಪ್ಯಾನಲ್ ನಿರ್ವಹಣೆ ಕೂಲಿ' ಅಂತಲೇ ಬರೆಸಿ, ಮೊತ್ತ ಹಾಕಿಸಿ. ಡಿಸೆಂಬರ್ ಸಭೆಯಲ್ಲೇ ಆಗಬೇಕು. ಮಾರ್ಚಿಗೆ ಹೋದರೆ ಎಲ್ಲರೂ ಬಿಲ್ ಮುಗಿಸುವ ಗಡಿಬಿಡಿಯಲ್ಲಿರುತ್ತಾರೆ. ಹಳೆ ವಿದ್ಯಾರ್ಥಿಗಳ ಸಂಘ ಇದ್ದರೆ ಅವರಿಂದಲೂ ಆಗುತ್ತದೆ, ಆದರೆ ವರ್ಷಾ ವರ್ಷ ಕೇಳಬೇಕು.

ಮಾಸ್ತರ_ರಾಯಚೂರು

ಡಿಸೆಂಬರ್ ಸಭೆ ಇನ್ನೂ ಆಗಿಲ್ಲ. ನಿರ್ಣಯದ ಕರಡು ನಾನೇ ಬರೆಯುತ್ತೇನೆ. 20 ಗಿಡ, ಒಬ್ಬರಿಗೆ ಮೂರು ತಿಂಗಳ ಕೂಲಿ, ಕಾಂಪೌಂಡಿನವರೆಗೆ ಮುಟ್ಟುವ ಪೈಪು. ಆರ್‌ಓ ನೀರಿನ ಪೈಪನ್ನು ಇವತ್ತೇ ನೋಡಿದೆ, ನೇರ ಇಂಗುಗುಂಡಿಗೇ ಹೋಗಿದೆ. ಪ್ಲಂಬರ್ ನಾಳೆ ಬರುತ್ತಾನೆ.

ಲ್ಯಾಬ್ ಅಂಕಲ್, ಜಾಡಿಯ ಬಾಯಿ ಎಷ್ಟು ಅಗಲ ಇದ್ದರೆ ಸಾಕು?

ಲ್ಯಾಬ್_ಅಂಕಲ್

ಒಂದು ಗೇಣಾದರೂ ಇರಲಿ. ಎರಡು ಇಡಿ, ಒಂದನ್ನು ಕೋತಿ ಬೀಳಿಸುತ್ತದೆ.